ಸ್ವಾಮಿ ರಾಮಾನಂದ ತೀರ್ಥರು

ಪ್ರತಿ ವರ್ಷ ಸೆಪ್ಟೆಂಬರ್ 17ರಂದು ನಮ್ಮ ಕಲ್ಯಾಣ ಕರ್ನಾಟಕದ ಶಾಲೆ ಕಾಲೇಜುಗಳಲ್ಲಿ ರಾಷ್ಟ್ರಧ್ವಜವನ್ನು ಏರಿಸುವುದು ವಾಡಿಕೆಯಾಗಿದೆ. ಅಂದಿನ ಭಾಷಣಗಳಲ್ಲಿ ಸರದಾರ ಪಟೇಲರ ಹೆಸರು ಬರುತ್ತದೆ, ಸೈನ್ಯದ ಹೆಸರು ಬರುತ್ತದೆ, ರಜಾಕಾರರ ಕ್ರೌರ್ಯದ ವರ್ಣನೆಯೂ ಬರುತ್ತದೆ. ಇವೆಲ್ಲದರ ನಡುವೆ ಸ್ವಾಮಿ ರಾಮಾನಂದ ತೀರ್ಥರ ಹೆಸರು ಒಮ್ಮೆ ಕಿವಿಗೆ ಬಿದ್ದು ಹೋಗುತ್ತದೆ. ಹೆಸರಿನ ಮುಂದಿರುವ ಸ್ವಾಮಿ ಎಂಬ ಶಬ್ದವನ್ನು ಕೇಳಿ ಅವರು ಯಾವುದೋ ಮಠದ ಪೀಠಾಧಿಪತಿಗಳಾಗಿರಬೇಕೆಂದು ನನ್ನ ಸಹಾಧ್ಯಾಯಿಗಳಲ್ಲಿ ಅನೇಕರು ತಿಳಿದಿದ್ದಾರೆ. ಅವರಿಗೆ ಮಠವಿರಲಿಲ್ಲ, ಪೀಠವಿರಲಿಲ್ಲ, ಶಿಷ್ಯರಿಂದ ಕಾಣಿಕೆ ಪಡೆಯುವ ಪದ್ಧತಿಯೂ ಇರಲಿಲ್ಲ. ಅವರು ಒಬ್ಬ ಶಾಲಾಮಾಸ್ತರರು. ನಾಲ್ಕು ಜನ ಸೇರಿ ಬೀದಿಯಲ್ಲಿ ನಿಂತು ಮಾತನಾಡುವುದಕ್ಕೆ ಸರಕಾರದ ಅಪ್ಪಣೆ ಬೇಕಾಗಿದ್ದ ನಾಡಿನಲ್ಲಿ, ಅಪ್ಪಣೆಯಿಲ್ಲದೆ ಮಾತನಾಡಿ, ಅದಕ್ಕೆ ವಿಧಿಸಿದ ಶಿಕ್ಷೆಯನ್ನು ತಾವಾಗಿಯೇ ಹೋಗಿ ಅನುಭವಿಸಿದವರು. ಅವರ ಬಾಳಿನ ಈ ಮುಖವನ್ನು ಮುಖ್ಯವಾಗಿ ವಾಚಕರ ಮುಂದಿಡುವುದೇ ನನ್ನ ಉದ್ದೇಶ.

ಸ್ವಾಮಿಜಿಯವರ ಪೂರ್ವಾಶ್ರಮದ ಹೆಸರು ವೆಂಕಟೇಶ ಭವಾನರಾವ್ ಖೇಡಗೀಕರ. 1903ನೆಯ ಇಸವಿ ಅಕ್ಟೋಬರ್ 3ರಂದು ವಿಜಾಪುರ ಜಿಲ್ಲೆಯ ಸಿಂದಗಿಯಲ್ಲಿ ಜನಿಸಿದರು. ಹುಟ್ಟಿದ್ದು ಕನ್ನಡ ನೆಲದಲ್ಲಿ. ಓದಿದ್ದು ಹೆಚ್ಚಾಗಿ ಮರಾಠಿ ಪ್ರದೇಶದಲ್ಲಿ. ಮುಂದೆ ದುಡಿದದ್ದು ಕನ್ನಡ, ಮರಾಠಿ, ತೆಲುಗು, ಉರ್ದು ಈ ನಾಲ್ಕೂ ನುಡಿಗಳ ಜನರಿದ್ದ ಹೈದರಾಬಾದ್ ಸಂಸ್ಥಾನದಲ್ಲಿ. ಸೊಲ್ಲಾಪುರದಲ್ಲಿ ಪ್ರೌಢಶಾಲೆಯಲ್ಲಿ ಓದುತ್ತಿದ್ದಾಗ, 1920ರ ಆಗಸ್ಟ್ 1ರಂದು ಲೋಕಮಾನ್ಯ ತಿಲಕರು ತೀರಿಕೊಂಡರು. ಆಗ ವೆಂಕಟೇಶನಿಗೆ ಇನ್ನೂ ಹದಿನೇಳು ತುಂಬಿರಲಿಲ್ಲ. ಮದುವೆಯಾಗುವುದಿಲ್ಲವೆಂದೂ, ದೇಶದ ಕೆಲಸಕ್ಕೇ ಬಾಳನ್ನು ಮುಡಿಪಾಗಿಡುವೆನೆಂದೂ ಆ ಹುಡುಗ ಸಂಕಲ್ಪ ಮಾಡಿದನು. ಆ ವಯಸ್ಸಿನಲ್ಲಿ ಇಂಥ ಸಂಕಲ್ಪಗಳನ್ನು ಮಾಡುವವರು ಬಹಳ ಮಂದಿ. ಐವತ್ತು ವರ್ಷ ಅದನ್ನು ನಡೆಸಿಕೊಂಡು ಹೋದವರು ವಿರಳ.

ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಸರಕಾರಿ ಶಾಲೆಯನ್ನು ಬಿಟ್ಟ ಅವರು ಅಮಳನೇರದ ರಾಷ್ಟ್ರೀಯ ವಿದ್ಯಾಲಯದಲ್ಲಿಯೂ, ಅನಂತರ ಪುಣೆಯ ತಿಲಕ್ ಮಹಾರಾಷ್ಟ್ರ ವಿದ್ಯಾಪೀಠದಲ್ಲಿಯೂ ಶಿಕ್ಷಣವನ್ನು ಮುಂದುವರಿಸಿದರು. ಓದು ಮುಗಿದ ಮೇಲೆ ಕೆಲಕಾಲ ಕಾರ್ಮಿಕ ನಾಯಕ ಎನ್.ಎಂ. ಜೋಶಿಯವರ ಬಳಿ ಕಾರ್ಯದರ್ಶಿಯಾಗಿ ದುಡಿದರು. ಆರೋಗ್ಯ ಕೆಟ್ಟು ಪಾರ್ಶ್ವವಾಯುವಿನಿಂದ ನರಳಿದರು. ಗುಣಮುಖರಾಗಿ ಅವರು ಬಂದು ಸೇರಿದ್ದು ಆಗಿನ ಉಸ್ಮಾನಾಬಾದ್ ಜಿಲ್ಲೆಯ ಹಿಪ್ಪರಗಾ ಎಂಬ ಸಣ್ಣ ಹಳ್ಳಿಯ ರಾಷ್ಟ್ರೀಯ ಶಾಲೆಗೆ. ಇಂದು ಬಸವಕಲ್ಯಾಣದಿಂದ ಹೊರಟು ಸಸ್ತಾಪುರ ಬಂಗ್ಲಾದಲ್ಲಿ ಹೆದ್ದಾರಿ ಹಿಡಿದು ಸೊಲ್ಲಾಪುರದ ಕಡೆಗೆ ತಿರುಗಿದರೆ, ಸ್ವಾಮಿಜಿಯವರು ಪಾಠ ಹೇಳಿದ ಆ ಸೀಮೆ ನಮಗೆ ದೂರವೇನೂ ಅಲ್ಲ. ಅದೇ ಹೆದ್ದಾರಿಯಲ್ಲಿ ಎದುರು ದಿಕ್ಕಿಗೆ ಹುಮನಾಬಾದನ್ನು ದಾಟಿ ಹೋದರೆ ಅವರು ಸೆರೆಮನೆ ಕಂಡ ಹೈದರಾಬಾದು. ಅವರ ಆಯುಷ್ಯದ ಬಹುಭಾಗ ಈ ರಸ್ತೆಯ ಎರಡು ತುದಿಗಳ ನಡುವೆಯೇ ಕಳೆಯಿತೆನ್ನಬಹುದು. ಹಿಪ್ಪರಗಾದಲ್ಲಿದ್ದಾಗಲೇ, 1930ರ ದಶಕದ ಆರಂಭದಲ್ಲಿ, ಸ್ವಾಮಿ ನಾರಾಯಣ ತೀರ್ಥರಿಂದ ಸಂನ್ಯಾಸ ದೀಕ್ಷೆ ಪಡೆದು ರಾಮಾನಂದ ತೀರ್ಥರಾದರು. ಕಾವಿ ಉಟ್ಟ ಮೇಲೂ ಶಾಲೆಯ ಗಂಟೆ ತಪ್ಪಲಿಲ್ಲ. 1935ರ ಹೊತ್ತಿಗೆ ಅವರು ಮತ್ತು ಅವರ ಸಂಗಡಿಗರು ಅಂಬಾಜೋಗಾಯಿಗೆ ಬಂದು ಅಲ್ಲಿಯ ಯೋಗೇಶ್ವರಿ ಶಾಲೆಯನ್ನು ಬೆಳೆಸಿದರು.

ಇಷ್ಟು ಹೇಳಿದ ಮೇಲೆ ಆ ಕಾಲದ ಸಂಸ್ಥಾನದ ಸ್ಥಿತಿಯನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗುತ್ತದೆ. ಅದನ್ನರಿಯದೆ ಸ್ವಾಮಿಜಿಯವರು ಮಾಡಿದ್ದು ಎಷ್ಟು ಕಠಿಣವಾದ ಕೆಲಸವೆಂಬುದು ತಿಳಿಯುವುದಿಲ್ಲ. ಬ್ರಿಟಿಷರ ಆಳ್ವಿಕೆಯ ಧಾರವಾಡದಲ್ಲಿಯೋ ಪುಣೆಯಲ್ಲಿಯೋ ಸಭೆ ಸೇರಿಸಿ ಭಾಷಣ ಮಾಡಿದವರನ್ನು ಭಾಷಣವಾದ ಮೇಲೆ ಹಿಡಿಯುತ್ತಿದ್ದರು. ಇಲ್ಲಿ ಸಭೆಯೇ ಸೇರುವಂತಿರಲಿಲ್ಲ. 1921ರಲ್ಲಿ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಫರ್ಮಾನು ಹೊರಟು, ಮಂತ್ರಿಮಂಡಲದ ಒಪ್ಪಿಗೆಯಿಲ್ಲದೆ ರಾಜಕೀಯ ಸಭೆ ನಡೆಯಕೂಡದೆಂದಾಯಿತು. ಅನಂತರ ಖಾಸಗಿ ಶಾಲೆಗಳನ್ನು ತೆರೆಯುವುದಕ್ಕೂ ಅಪ್ಪಣೆ ಬೇಕೆಂಬ ಗಶ್ತಿ ಬಂತು. ಗಶ್ತಿ ಎಂದರೆ ಸರಕಾರದ ಸುತ್ತೋಲೆ. 1929ರಲ್ಲಿ ಹೊರಟ 53ನೆಯ ಗಶ್ತಿ ಎಲ್ಲಕ್ಕಿಂತ ಕುಪ್ರಸಿದ್ಧವಾದುದು. ಅದರ ಪ್ರಕಾರ ಸಾರ್ವಜನಿಕ ಸಭೆ ನಡೆಸುವವರು ಮುಂಚಿತವಾಗಿ ಇಜಾಜತ್ ಪಡೆಯಲೇಬೇಕು. ಕೊಡುವುದೂ ಬಿಡುವುದೂ ಅಧಿಕಾರಿಯ ಮರ್ಜಿ. ಕಾರಣ ಕೇಳುವ ಹಕ್ಕು ಅರ್ಜಿದಾರನಿಗಿಲ್ಲ. ಮೇಲಿನ ನ್ಯಾಯಾಲಯದಲ್ಲಿ ಪ್ರಶ್ನಿಸೋಣವೆಂದರೆ ಅದಕ್ಕೆ ಆಧಾರವಾಗುವ ಸಂವಿಧಾನವೂ ಇಲ್ಲ. ಈ ಇಜಾಜತ್ ಎಂಬ ಶಬ್ದ ನಮ್ಮ ಬೀದರ ಸೀಮೆಯ ಹಳಬರ ಬಾಯಲ್ಲಿ ಇಂದಿಗೂ ಉಳಿದಿದೆ. ಮನೆಯಲ್ಲಿ ಸಣ್ಣ ಕೆಲಸಕ್ಕೂ ಕೇಳಿಯೇ ಮಾಡುವವನನ್ನು ಇಜಾಜತ್ ಇಲ್ಲದೆ ಕೆಮ್ಮುವುದಿಲ್ಲವೆಂದು ಗೇಲಿ ಮಾಡುವುದುಂಟು.

ಈ ನಿರ್ಬಂಧಗಳಿಂದಾಗಿ ಒಂದು ವಿಚಿತ್ರ ನಡೆಯಿತು. ಹೈದರಾಬಾದ್ ಸಂಸ್ಥಾನದ ರಾಜಕೀಯ ಪರಿಷತ್ತಿನ ಅಧಿವೇಶನಗಳು ಹೈದರಾಬಾದಿನಲ್ಲಿ ನಡೆಯಲಿಲ್ಲ. 1923ರಲ್ಲಿ ಕಾಕಿನಾಡ, 1926ರಲ್ಲಿ ಮುಂಬಯಿ, 1928ರಲ್ಲಿ ಪುಣೆ, 1931ರಲ್ಲಿ ಅಕೋಲಾ, ಹೀಗೆ ಪರರ ಊರುಗಳಲ್ಲಿ ನಡೆದವು. ಸ್ವಂತ ಮನೆಯ ಕಷ್ಟವನ್ನು ನೆರೆಮನೆಯ ಕಟ್ಟೆಯ ಮೇಲೆ ಕುಳಿತು ಹೇಳಿಕೊಂಡಂತೆ! ಇನ್ನು ನಮ್ಮ ಊರುಗಳ ಮಾತು. ಬಸವಕಲ್ಯಾಣಕ್ಕೆ ಆಗ ಕಲ್ಯಾಣಿ ಎಂದು ಹೆಸರು. ಅದು ಕಲ್ಯಾಣಿ ನವಾಬರ ಜಾಗೀರು. ಹುಮನಾಬಾದ್ ಪಾಯಗಾ ಜಾಗೀರಿಗೆ ಸೇರಿದ್ದಿತು. ಖಾಲಸಾ ಪ್ರದೇಶದ ರೈತನಿಗೆ ಒಬ್ಬ ದೊರೆಯಾದರೆ ಇಲ್ಲಿಯ ರೈತನಿಗೆ ಇಬ್ಬರು. ಹನ್ನೆರಡನೆಯ ಶತಮಾನದಲ್ಲಿ ಶರಣರು ಕೂಡಿ ಕುಳಿತು, ಮೇಲುಕೀಳೆನ್ನದೆ, ಹೆಣ್ಣು ಗಂಡೆನ್ನದೆ ಮಾತನಾಡಿದರೆಂದು ನಾವು ಹೆಮ್ಮೆಪಡುವ ಊರಿನಲ್ಲಿಯೇ, ಇಪ್ಪತ್ತನೆಯ ಶತಮಾನದಲ್ಲಿ ಕೂಡಿ ಕುಳಿತುಕೊಳ್ಳುವುದಕ್ಕೆ ಕಾಗದ ಬೇಕಾಗಿದ್ದಿತು. ಹರಳಯ್ಯ ಮಧುವರಸರಿಗಾದ ಗತಿಯನ್ನು ನೆನೆದರೆ, ಆ ಕಾಲದಲ್ಲಿಯೂ ಮಾತು ಕೃತಿಯಾದೊಡನೆ ಅರಸನಿಗೆ ಸಹನೆ ಉಳಿಯಲಿಲ್ಲವೆಂಬುದನ್ನು ಒಪ್ಪಬೇಕಾಗುತ್ತದೆ. ಅದು ಬೇರೆ ವಿಷಯ.

1930ರಲ್ಲಿ ತೆಲುಗರ ಆಂಧ್ರ ಮಹಾಸಭೆಯೂ, 1937ರಲ್ಲಿ ಮರಾಠಿಗರ ಮಹಾರಾಷ್ಟ್ರ ಪರಿಷತ್ತೂ, ಅದೇ ವರ್ಷ ಕನ್ನಡಿಗರ ಕರ್ನಾಟಕ ಪರಿಷತ್ತೂ ಸಂಸ್ಥಾನದೊಳಗೆ ಅಧಿವೇಶನ ನಡೆಸಿದವು. ಕರ್ನಾಟಕ ಪರಿಷತ್ತಿನ ಮೊದಲ ಅಧಿವೇಶನ ನಮ್ಮ ಬೀದರಿನಲ್ಲಿಯೇ ನಡೆಯಿತೆಂಬುದು ಸ್ಮರಣೀಯ. ಭಾಷೆ, ಶಿಕ್ಷಣ, ಗ್ರಂಥಾಲಯ ಇತ್ಯಾದಿ ವಿಷಯಗಳ ಗೊತ್ತುವಳಿಗಳನ್ನು ಸರಕಾರ ಹೇಗೋ ಸಹಿಸಿಕೊಂಡಿತು. ಅದು ಹೆದರಿದ್ದು ಮೂರೂ ಭಾಷೆಯವರು ಒಂದೇ ವೇದಿಕೆಯ ಮೇಲೆ ನಿಲ್ಲುವುದಕ್ಕೆ. 1938ರ ಫೆಬ್ರವರಿಯಲ್ಲಿ ಹರಿಪುರದ ಕಾಂಗ್ರೆಸ್ ಅಧಿವೇಶನ, ಸಂಸ್ಥಾನಗಳ ಪ್ರಜೆಗಳು ತಮ್ಮ ಹೋರಾಟವನ್ನು ತಮ್ಮದೇ ಸಂಸ್ಥೆಗಳ ಮೂಲಕ ನಡೆಸಿಕೊಳ್ಳಬೇಕೆಂದು ಸೂಚಿಸಿದಾಗ, ಆ ಒಂದೇ ವೇದಿಕೆಯನ್ನು ಕಟ್ಟುವ ಕಾಲ ಬಂದಿತು. ಆಗ ಮಹಾರಾಷ್ಟ್ರ ಪರಿಷತ್ತಿನಲ್ಲಿ ದುಡಿಯುತ್ತಿದ್ದ ಸ್ವಾಮಿಜಿಯವರು ಶಾಲೆಯ ಕೆಲಸ ಬಿಟ್ಟು ಹೈದರಾಬಾದಿಗೆ ಬಂದರು.

ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸನ್ನು ಸ್ಥಾಪಿಸಲು ಸಿದ್ಧತೆ ನಡೆದಿದ್ದಿತು. ಸದಸ್ಯರನ್ನು ಸೇರಿಸುತ್ತಿದ್ದರು. ವಿಧಿಪೂರ್ವಕವಾಗಿ ಅದು ಹುಟ್ಟುವ ಮೊದಲೇ, 1938ರ ಸೆಪ್ಟೆಂಬರ್ 7ರಂದು ಸರಕಾರ ಅದನ್ನು ನಿಷೇಧಿಸಿತು. ಒಂದು ಸಂಸ್ಥೆ ತಪ್ಪು ಮಾಡಿದ ಮೇಲೆ ಅದನ್ನು ನಿಷೇಧಿಸುವುದನ್ನು ಕೇಳಿದ್ದೇವೆ. ಹುಟ್ಟದಿರುವ ಸಂಸ್ಥೆ ಯಾವ ತಪ್ಪು ಮಾಡಿದ್ದೀತು? ಪ್ರಧಾನಿ ಸರ್ ಅಕಬರ್ ಹೈದರಿಯವರ ಸರಕಾರಕ್ಕೆ ಕಾಂಗ್ರೆಸ್ ಎಂಬ ಹೆಸರೇ ಬೇಡವಾಗಿದ್ದಿತು. ಹೆಸರು ಬದಲಿಸಿಕೊಳ್ಳಬೇಕೆಂಬ ಒತ್ತಾಯ ಬಹುಕಾಲ ನಡೆಯಿತು. ನಡುವೆ ಬೇರೆ ಹೆಸರನ್ನು ಇಟ್ಟುಕೊಳ್ಳುವ ಮಾತುಕತೆಯೂ ಆಯಿತು. ಅದರಿಂದಲೂ ಇಜಾಜತ್ ದೊರೆಯಲಿಲ್ಲವಾದುದರಿಂದ ಅಡ್ಡಿ ಹೆಸರಿಗಷ್ಟೇ ಅಲ್ಲವೆಂಬುದು ಎಲ್ಲರಿಗೂ ತಿಳಿಯಿತು.

1938ರ ಅಕ್ಟೋಬರ್ 24ರಂದು ಸತ್ಯಾಗ್ರಹ ಆರಂಭವಾಯಿತು. ಗೋವಿಂದರಾವ್ ನಾನಲರು ಮೊದಲನೆಯ ತಂಡದ ಮುಂದಾಳು. ಸತ್ಯಾಗ್ರಹದ ಕ್ರಮ ತೀರ ಸರಳವಾದುದು. ಇಂಥ ದಿನ ಇಂಥವರು ಹೊರಡುತ್ತಾರೆಂದು ಮೊದಲೇ ಪ್ರಕಟಿಸುವುದು. ಬೀದಿಗೆ ಬಂದು, ನಿಷೇಧಿತವಾದ ಸಂಸ್ಥೆಯ ಸದಸ್ಯರು ತಾವೆಂದು ಸಾರುವುದು. ಜವಾಬ್ದಾರಿ ಸರಕಾರ ಬೇಕೆಂದು ಘೋಷಿಸುವುದು. ಪೊಲೀಸರು ಬಂದಾಗ ಓಡದೆ, ಕೈಯೆತ್ತದೆ ಅವರ ಸಂಗಡ ನಡೆಯುವುದು. ಇದಿಷ್ಟೇ. ಓದುವಾಗ ಸುಲಭವೆನ್ನಿಸುವ ಈ ಕ್ರಮದಲ್ಲಿ ಒಂದು ಸೂಕ್ಷ್ಮವುಂಟು. ಕಾನೂನನ್ನು ಕದ್ದು ಮುರಿಯುವವನನ್ನು ಸರಕಾರ ಕಳ್ಳನೆಂದು ಕರೆಯಬಹುದು. ದಿನ ಹೇಳಿ, ಹೆಸರು ಹೇಳಿ, ಹಾಡುಹಗಲಿನಲ್ಲಿ ಬಂದು ಮುರಿಯುವವನನ್ನು ಏನೆಂದು ಕರೆಯುವುದು? ಗಶ್ತಿಯ ಬಲವಿದ್ದುದು ಅದರ ಅಕ್ಷರಗಳಲ್ಲಲ್ಲ, ಜನರ ಅಂಜಿಕೆಯಲ್ಲಿ. ಸ್ವಾಮಿಜಿಯವರು ಅಕ್ಟೋಬರ್ ಮುಗಿಯುವ ಮೊದಲೇ ತಮ್ಮ ತಂಡದೊಡನೆ ಬೀದಿಗಿಳಿದರು. ಹದಿನೆಂಟು ತಿಂಗಳ ಸಜೆಯಾಯಿತು.

ಅದೇ ದಿನಗಳಲ್ಲಿ ವಿದ್ಯಾರ್ಥಿಗಳೂ ಒಂದು ಹೋರಾಟದಲ್ಲಿ ತೊಡಗಿದರೆಂಬುದನ್ನು ಈ ಸಂಚಿಕೆಯ ಓದುಗರಿಗೆ ವಿಶೇಷವಾಗಿ ಹೇಳಬೇಕು. 1938ರ ಕೊನೆಗೆ ಉಸ್ಮಾನಿಯಾ ವಿಶ್ವವಿದ್ಯಾಲಯದ ವಸತಿಗೃಹದಲ್ಲಿ ವಂದೇ ಮಾತರಂ ಹಾಡುವುದನ್ನು ಅಧಿಕಾರಿಗಳು ನಿಷೇಧಿಸಿದರು. ಹಾಡುವುದನ್ನು ಬಿಡದ ನೂರಾರು ವಿದ್ಯಾರ್ಥಿಗಳನ್ನು ಹೊರಗೆ ಹಾಕಿದರು. ಗುಲಬರ್ಗಾ ಕಾಲೇಜಿನಲ್ಲಿಯೂ ಇದೇ ಕಥೆಯಾಯಿತು. ನಾಗಪುರ ವಿಶ್ವವಿದ್ಯಾಲಯ ಬಾಗಿಲು ತೆರೆಯದಿದ್ದರೆ ಅವರ ವಿದ್ಯಾಭ್ಯಾಸ ಅಲ್ಲಿಗೇ ಮುಗಿಯುತ್ತಿತ್ತು. ಹಾಗೆ ಹೊರಬಿದ್ದು ನಾಗಪುರಕ್ಕೆ ಹೋದವರಲ್ಲಿ, ಮುಂದೆ ಭಾರತದ ಪ್ರಧಾನಿಯಾದ ಪಿ.ವಿ. ನರಸಿಂಹರಾಯರೂ ಒಬ್ಬರು. ಅವರು ಸ್ವಾಮಿಜಿಯವರನ್ನು ರಾಜಕೀಯ ಗುರುವೆಂದು ಭಾವಿಸಿದ್ದರು. ನಮ್ಮ ಮನೆಯಲ್ಲಿ ಪದವಿ ತರಗತಿಯ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ವರ್ಷದ ನಡುವೆ ಕಾಲೇಜಿನಿಂದ ಹೊರಗೆ ಹಾಕಿಸಿಕೊಂಡು ಹಾಸಿಗೆ ಸುತ್ತಿಕೊಂಡು ಮನೆಗೆ ಹೋಗುವುದೆಂದರೆ ಅಂಥ ಮನೆಯ ಹುಡುಗನಿಗೆ ಏನೆಂಬುದನ್ನು ನಾನು ಊಹಿಸಬಲ್ಲೆ. ಅಲ್ಲಿದ್ದವರೆಲ್ಲ ಶ್ರೀಮಂತರ ಮಕ್ಕಳಾಗಿರಲಿಲ್ಲ.

ಸತ್ಯಾಗ್ರಹ ಎರಡು ತಿಂಗಳು ನಡೆದಿದ್ದಾಗ, 1938ರ ಡಿಸೆಂಬರಿನಲ್ಲಿ, ಗಾಂಧೀಜಿಯವರ ಸಲಹೆಯಂತೆ ಅದನ್ನು ನಿಲ್ಲಿಸಲಾಯಿತು. ಇದು ಸ್ವಾಮಿಜಿಯವರ ಬಾಳಿನಲ್ಲಿ ಬಹಳ ಬಿಗುವಾದ ಘಟ್ಟ. ಆಗ ಆರ್ಯ ಸಮಾಜ ಮತ್ತು ಹಿಂದೂ ಮಹಾಸಭೆಗಳೂ ನಿಜಾಮ ಸರಕಾರದ ವಿರುದ್ಧ ತಮ್ಮ ತಮ್ಮ ಸತ್ಯಾಗ್ರಹಗಳನ್ನು ಹೂಡಿದ್ದವು. ಆರ್ಯ ಸಮಾಜದವರ ದೂರುಗಳು ಕಲ್ಪಿತವಾದವುಗಳಲ್ಲ. ನಮ್ಮ ಸುತ್ತಿನಲ್ಲಿಯೇ ಅದಕ್ಕೆ ಸಾಕ್ಷಿಗಳಿವೆ. 1938ರಲ್ಲಿ ಕಲ್ಯಾಣಿಯಲ್ಲಿ ಧರ್ಮಪ್ರಕಾಶರು ಕೊಲೆಯಾದರು. ಅದೇ ವರ್ಷದ ಡಿಸೆಂಬರಿನಲ್ಲಿ ಉದಗೀರಿನ ವಕೀಲ ಭಾಯಿ ಶ್ಯಾಮಲಾಲರು ಬೀದರ ಸೆರೆಮನೆಯಲ್ಲಿ ಪ್ರಾಣ ಬಿಟ್ಟರು. ಮುಂದೆ 1942ರ ಹೋಳಿಯ ದಿನ ಹುಮನಾಬಾದಿನಲ್ಲಿ ಮೆರವಣಿಗೆಯ ಮೇಲೆ ದಾಳಿಯಾಗಿ ಶಿವಚಂದ್ರರೂ ಅವರ ಸಂಗಡಿಗರೂ ಹತರಾದರು. ಒಂದು ಮೆರವಣಿಗೆ ಬೀದಿಯಲ್ಲಿ ಸಾಗುವುದಕ್ಕೆ ಮನುಷ್ಯರ ಪ್ರಾಣದ ಬೆಲೆ! 1939ರಲ್ಲಿ ನಡೆದ ಆರ್ಯ ಸಮಾಜದ ಸತ್ಯಾಗ್ರಹದಲ್ಲಿ ದೇಶದ ನಾನಾ ಭಾಗಗಳಿಂದ ಸಾವಿರಾರು ಜನ ಬಂದು ಸೆರೆಮನೆ ಸೇರಿದರು.

ಆದರೆ ಮೂರು ಸತ್ಯಾಗ್ರಹಗಳು ಒಂದೇ ಬೀದಿಯಲ್ಲಿ ನಡೆದಾಗ ನೋಡುವವರ ಕಣ್ಣಿಗೆ ಅವು ಬೇರೆ ಬೇರೆಯಾಗಿ ಕಾಣುವುದಿಲ್ಲ. ಸ್ಟೇಟ್ ಕಾಂಗ್ರೆಸ್ಸಿನದು ಪ್ರಜೆಗಳ ಹಕ್ಕಿನ ಹೋರಾಟವಲ್ಲ, ಮುಸಲ್ಮಾನ ದೊರೆಯ ಮೇಲೆ ಹಿಂದೂಗಳ ದಂಗೆ ಎಂದು ಹೇಳಲು ಸರಕಾರಕ್ಕೆ ಅನುಕೂಲವಾಯಿತು. ಗಾಂಧೀಜಿಯವರ ಆತಂಕ ಇದೇ. ಸೆರೆಯಲ್ಲಿದ್ದ ನೂರಾರು ಸತ್ಯಾಗ್ರಹಿಗಳಿಗೆ ನಿಲುಗಡೆಯ ಸುದ್ದಿ ಕಹಿಯಾಗಿಯೇ ಬಂದಿರಬೇಕು. ಚಳವಳಿ ಕಾವೇರಿದಾಗ ನಿಲ್ಲಿಸಿದ್ದು ತಪ್ಪೆಂದು ಅಂದು ವಾದಿಸಿದವರಿದ್ದರು, ಇಂದಿಗೂ ಇದ್ದಾರೆ. ನನ್ನ ಅಲ್ಪ ಅಭಿಪ್ರಾಯದಲ್ಲಿ ಆ ನಿಲುಗಡೆಯಿಂದ ಸ್ಟೇಟ್ ಕಾಂಗ್ರೆಸ್ಸಿನ ಮಾತಿಗೆ ತೂಕ ಬಂದಿತು. ಮಾತನಾಡುವ ಹಕ್ಕನ್ನು ತನ್ನವರಿಗಾಗಿ ಮಾತ್ರ ಕೇಳುವವನು ಕೇಳುವುದು ಹಕ್ಕನ್ನಲ್ಲ, ಸರದಿಯನ್ನು. ಸ್ವಾಮಿಜಿಯವರು ಕಾವಿ ತೊಟ್ಟವರಾಗಿದ್ದೂ ತಮ್ಮ ಹೋರಾಟಕ್ಕೆ ಧರ್ಮದ ಬಣ್ಣ ಹತ್ತದಂತೆ ಕಾಯ್ದರು. ಅವರು ಬೇಡಿದ್ದು ಜವಾಬ್ದಾರಿ ಸರಕಾರವನ್ನು; ಅದರಲ್ಲಿ ಸಂಸ್ಥಾನದ ಮುಸಲ್ಮಾನ ಪ್ರಜೆಗೂ ಸಮನಾದ ಪಾಲಿದ್ದಿತು.

ಇಲ್ಲಿ ನಮ್ಮ ಕಾಲದ ಒಂದು ಸಂಗತಿಯನ್ನು ಹೇಳಿದರೆ ವಿಷಯಾಂತರವೆಂದು ಗುರುಗಳು ಎಣಿಸಲಾರರೆಂದು ನಂಬಿದ್ದೇನೆ. ಎರಡು ವರ್ಷಗಳ ಹಿಂದೆ, ಹಳ್ಳಿಗಳಿಂದ ಕಾಲೇಜಿಗೆ ಬರುವ ನಾವು ಕೆಲವರು, ಬೆಳಗಿನ ಬಸ್ಸು ಬೇಕೆಂದು ಪಟ್ಟಣದ ವೃತ್ತವೊಂದರಲ್ಲಿ ಒಂದು ತಾಸು ಮೌನವಾಗಿ ಕುಳಿತುಕೊಳ್ಳಲು ನಿಶ್ಚಯಿಸಿ, ಸಂಬಂಧಪಟ್ಟ ಕಚೇರಿಗೆ ಅರ್ಜಿ ಕೊಟ್ಟೆವು. ಅರ್ಜಿ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹನ್ನೊಂದು ದಿನ ಪ್ರಯಾಣ ಮಾಡಿತು. ಕೊನೆಗೆ ಒಪ್ಪಿಗೆ ಬಂದದ್ದು ಊರ ಹೊರಗಿನ ಒಂದು ಬಯಲಿಗೆ. ಅಲ್ಲಿ ನಮ್ಮ ಮೌನವನ್ನು ನೋಡಲು ಇದ್ದವು ನಾಲ್ಕಾರು ಎಮ್ಮೆಗಳು ಮಾತ್ರ. ವೃತ್ತದ ಪಕ್ಕದಲ್ಲಿಯೇ ಆಸ್ಪತ್ರೆಯಿದೆ, ವಾಹನಗಳು ನಿಂತರೆ ರೋಗಿಗಳಿಗೆ ತೊಂದರೆ ಎಂದು ಅಧಿಕಾರಿಗಳು ಹೇಳಿದ ಕಾರಣ ಸುಳ್ಳಲ್ಲ. ಆದರೆ ಅಹವಾಲು ಕೇಳಬೇಕಾದವರಿಗೆ ಕಾಣದ ಸ್ಥಳದಲ್ಲಿ ಅಹವಾಲು ಹೇಳುವುದು ಹೇಳದಿರುವುದಕ್ಕಿಂತ ಎಷ್ಟು ಬೇರೆ ಎಂಬ ಪ್ರಶ್ನೆ ನನ್ನಲ್ಲಿ ಉಳಿಯಿತು. ಸ್ವಾಮಿಜಿಯವರ ಚರಿತ್ರೆಯನ್ನು ನಾನು ಓದತೊಡಗಿದ್ದು ಆಮೇಲೆಯೇ. ನಮಗೂ ಅವರಿಗೂ ಇದ್ದ ವ್ಯತ್ಯಾಸವನ್ನು ಮರೆಯಬಾರದು. 1950ರ ಸಂವಿಧಾನದ 19ನೆಯ ವಿಧಿ ನಮಗೆ ಮಾತನಾಡುವ ಹಕ್ಕನ್ನೂ, ಆಯುಧವಿಲ್ಲದೆ ಶಾಂತಿಯಿಂದ ಸೇರುವ ಹಕ್ಕನ್ನೂ ಕೊಟ್ಟಿದೆ. ಸಮಂಜಸವಾದ ನಿರ್ಬಂಧಗಳಿಗೆ ಎಡೆಯನ್ನೂ ಇಟ್ಟಿದೆ. ಅಹಮದಾಬಾದಿನ ಹಿಮತಲಾಲ ಶಾಹರ ಮೊಕದ್ದಮೆಯಲ್ಲಿ 1972ರಲ್ಲಿ ತೀರ್ಪು ಕೊಟ್ಟ ಸರ್ವೋಚ್ಚ ನ್ಯಾಯಾಲಯ, ಬೀದಿಯಲ್ಲಿ ನಡೆಯುವ ಸಭೆಗಳನ್ನು ಸರಕಾರ ಕ್ರಮಗೊಳಿಸಬಹುದು, ಆದರೆ ಯಾವ ಮಾರ್ಗದರ್ಶನವೂ ಇಲ್ಲದೆ ಮನಬಂದಂತೆ ನಿರಾಕರಿಸುವ ಅಧಿಕಾರವನ್ನು ಪೊಲೀಸರಿಗೆ ಕೊಡಲಾಗದೆಂದು ನಿರ್ಣಯಿಸಿತು. ನಮ್ಮ ಅರ್ಜಿಗೆ ಉತ್ತರ ತಡವಾದರೆ ಬಡಿಯಲು ಒಂದು ಬಾಗಿಲಿದೆ. 53ನೆಯ ಗಶ್ತಿಯ ಕೆಳಗೆ ಬದುಕಿದವನಿಗೆ ಇದ್ದ ಬಾಗಿಲು ಸೆರೆಮನೆಯದೊಂದೇ.

ಸ್ವಾಮಿಜಿಯವರು ಆ ಬಾಗಿಲನ್ನು ಮತ್ತೆ ಮತ್ತೆ ದಾಟಿದರು. 1940ರ ಸೆಪ್ಟೆಂಬರಿನಲ್ಲಿ ನಾಗರಿಕ ಹಕ್ಕುಗಳಿಗಾಗಿ, ಗಾಂಧೀಜಿಯವರ ಒಪ್ಪಿಗೆಯೊಡನೆ, ಆಯ್ದ ಕೆಲವೇ ಸಂಗಡಿಗರೊಂದಿಗೆ ವೈಯಕ್ತಿಕ ಸತ್ಯಾಗ್ರಹ ಕೈಕೊಂಡು 1941ರ ಕೊನೆಯವರೆಗೆ ಸೆರೆಯಲ್ಲಿದ್ದರು. ಬ್ರಿಟಿಷ್ ಭಾರತದಲ್ಲಿ ವಿನೋಬಾ ಭಾವೆಯವರು ಯುದ್ಧದ ವಿರುದ್ಧ ಮಾತನಾಡುವ ಹಕ್ಕಿಗಾಗಿ ಮೊದಲ ವೈಯಕ್ತಿಕ ಸತ್ಯಾಗ್ರಹಿಯಾದದ್ದು ಅದರ ಮರು ತಿಂಗಳು. 1942ರಲ್ಲಿ ಮುಂಬಯಿಯ ಅಧಿವೇಶನದಿಂದ ಮರಳುತ್ತಿದ್ದಂತೆಯೇ ಬಂಧಿತರಾಗಿ 1943ರ ಡಿಸೆಂಬರಿನವರೆಗೆ ಒಳಗಿದ್ದರು. 1946ರ ಜುಲೈ ತಿಂಗಳಲ್ಲಿ ಸ್ಟೇಟ್ ಕಾಂಗ್ರೆಸ್ಸಿನ ಮೇಲಿನ ನಿಷೇಧ ತೆಗೆಯಲ್ಪಟ್ಟಿತು. ಹುಟ್ಟುವ ಮೊದಲೇ ಸಾವಿನ ಶಿಕ್ಷೆಗೆ ಗುರಿಯಾಗಿದ್ದ ಸಂಸ್ಥೆ ಎಂಟು ವರ್ಷಗಳ ಮೇಲೆ ಬೀದಿಯಲ್ಲಿ ನಿಂತು ತನ್ನ ಹೆಸರನ್ನು ಹೇಳಿಕೊಳ್ಳುವಂತಾಯಿತು. ಬೂರ್ಗುಲ ರಾಮಕೃಷ್ಣರಾಯರೇ ಮೊದಲಾದ ಸೌಮ್ಯ ಮಾರ್ಗದವರೂ ಅದರಲ್ಲಿದ್ದರು. ಅಧ್ಯಕ್ಷತೆ ಸ್ವಾಮಿಜಿಯವರ ಪಾಲಿಗೆ ಬಂದಿತು. 1947ರ ಜೂನ್ ತಿಂಗಳಲ್ಲಿ ಹೈದರಾಬಾದಿನಲ್ಲಿ ಅವರ ಅಧ್ಯಕ್ಷತೆಯಲ್ಲಿ ನಡೆದ ಅಧಿವೇಶನ, ಸಂಸ್ಥಾನ ಭಾರತದೊಂದಿಗೆ ಸೇರಬೇಕೆಂದು ಬಹಿರಂಗವಾಗಿ ಕೇಳಿತು.

ಆಗಸ್ಟ್ 15 ಬಂದಿತು. ದೇಶವೆಲ್ಲ ತ್ರಿವರ್ಣ ಧ್ವಜ ಹಾರಿಸಿ ಸಿಹಿ ಹಂಚುತ್ತಿದ್ದಾಗ ನಮ್ಮ ಸಂಸ್ಥಾನದಲ್ಲಿ ಆ ಬಟ್ಟೆಯ ತುಂಡನ್ನು ಕೋಲಿಗೆ ಕಟ್ಟುವುದೇ ಅಪರಾಧ. ಹೈದರಾಬಾದಿನಲ್ಲಿ ಧ್ವಜ ಹಾರಿಸಿದ ಸ್ವಾಮಿಜಿಯವರು ಅಂದೇ ಸೆರೆಯಾದರು. ಹಳ್ಳಿಹಳ್ಳಿಗಳಲ್ಲಿ ಜನರು ಧ್ವಜ ಏರಿಸಿ ಬಂಧಿತರಾದರು. ವಕೀಲರು ಕೋರ್ಟುಗಳನ್ನು ಬಿಟ್ಟರು, ವಿದ್ಯಾರ್ಥಿಗಳು ತರಗತಿಗಳನ್ನು ಬಿಟ್ಟರು. ನವೆಂಬರಿನಲ್ಲಿ ಯಥಾಸ್ಥಿತಿ ಒಪ್ಪಂದವಾದಾಗ ಬಿಡುಗಡೆಯಾದ ಸ್ವಾಮಿಜಿಯವರನ್ನು 1948ರ ಜನವರಿಯಲ್ಲಿ ಮತ್ತೆ ಹಿಡಿದರು.

ಇಲ್ಲಿಂದ ಮುಂದಿನ ಕಥೆ ಶಾಂತಿಯ ಕಥೆಯಾಗಿ ಉಳಿಯಲಿಲ್ಲ. ಖಾಸಿಂ ರಜವಿಯ ರಜಾಕಾರರು ಊರುಗಳ ಮೇಲೆ ಬೀಳತೊಡಗಿದರು. ಸಂಸ್ಥಾನದ ಗಡಿಯಾಚೆ ಸ್ಟೇಟ್ ಕಾಂಗ್ರೆಸ್ಸಿನವರು ಶಿಬಿರಗಳನ್ನು ತೆರೆದು ಶಸ್ತ್ರ ಹಿಡಿದರು. ಅಳವಂಡಿ ಶಿವಮೂರ್ತಿಸ್ವಾಮಿಗಳ ಮುಂಡರಗಿ ಶಿಬಿರದ ಹೆಸರು ಕನ್ನಡ ನಾಡಿನಲ್ಲಿ ಪ್ರಸಿದ್ಧವಾಗಿದೆ. ಹತ್ತು ವರ್ಷ ಬರಿಗೈಯಲ್ಲಿ ಬೀದಿಗಿಳಿದ ಸಂಸ್ಥೆಯ ಜನ ಬಂದೂಕು ಹಿಡಿದರೆಂಬುದನ್ನು ಸ್ವಾಮಿಜಿಯವರ ಚರಿತ್ರೆ ಬರೆಯುವವನು ಮುಚ್ಚಿಡಬಾರದು. ಊರು ಉರಿಯುವಾಗ ಜನ ತಮ್ಮನ್ನು ತಾವು ಕಾಪಾಡಿಕೊಂಡರೆಂದು ಒಂದು ಪಕ್ಷ. ಸತ್ಯಾಗ್ರಹದ ದಾರಿ ಅಲ್ಲಿಗೆ ತಪ್ಪಿತೆಂದು ಇನ್ನೊಂದು ಪಕ್ಷ. ಎರಡೂ ಪಕ್ಷಗಳನ್ನು ಓದಿದ ಮೇಲೆ ನನಗೆ ಕಂಡದ್ದಿಷ್ಟು: ಶಾಂತಿಯಿಂದ ಆಡುವ ಮಾತಿಗೆ ಎಲ್ಲ ಬೀದಿಗಳನ್ನೂ ಮುಚ್ಚಿದ ಸರಕಾರ, ಬಂದೂಕಿಗೆ ತಾನೇ ದಾರಿ ಬಿಟ್ಟಿದ್ದಿತು.

1948ರ ಮೇ ತಿಂಗಳಲ್ಲಿ, ಬಸವಕಲ್ಯಾಣದ ಸೀಮೆಯ ಗೋರಟಾ ಗ್ರಾಮದ ಮೇಲೆ ರಜಾಕಾರರು ಬಿದ್ದು ಬಹುಸಂಖ್ಯೆಯ ಜನರನ್ನು ಕೊಂದರು. ಅಲ್ಲಿ ಹುತಾತ್ಮರ ಸ್ಮಾರಕವಿದೆ. ನಮ್ಮಲ್ಲಿ ಬಹಳ ಮಂದಿ ನೋಡಿರುತ್ತಾರೆ. ಆಗ ಎಂಟು ವರ್ಷದವರಾಗಿದ್ದ ನಮ್ಮ ಮುತ್ತ್ಯಾ, ಆ ಬೇಸಗೆಯ ರಾತ್ರಿಗಳನ್ನು ಹಳ್ಳದ ದಂಡೆಯ ಕಲ್ಲುಗಳ ಮರೆಯಲ್ಲಿ ಕಳೆದುದನ್ನು ಹೇಳುತ್ತಿದ್ದರು. ಅದೇ ಉಸಿರಿನಲ್ಲಿ ಇನ್ನೊಂದನ್ನೂ ಹೇಳುತ್ತಿದ್ದರು. ಸೆಪ್ಟೆಂಬರ್ 13ರಿಂದ 17ರವರೆಗೆ ನಡೆದ ಪೊಲೀಸ್ ಕಾರ್ಯಾಚರಣೆಯ ಬೆನ್ನಿಗೆ, ಅವರ ಸಂಗಡ ಗೋಲಿ ಆಡುತ್ತಿದ್ದ ಮುಸಲ್ಮಾನ ಹುಡುಗನ ಮನೆಯವರು ಒಂದು ರಾತ್ರಿ ಊರು ಬಿಟ್ಟು ಹೋದರು; ತಿರುಗಿ ಬರಲಿಲ್ಲ. ಪ್ರಧಾನಿ ನೆಹರೂ ಅವರು ಕಳಿಸಿದ ಪಂಡಿತ ಸುಂದರಲಾಲರ ಸಮಿತಿ ಬೀದರ, ಗುಲಬರ್ಗಾ, ಉಸ್ಮಾನಾಬಾದ್, ನಾಂದೇಡ ಜಿಲ್ಲೆಗಳಲ್ಲಿ ಮುಸಲ್ಮಾನರ ಮೇಲೆ ನಡೆದ ಕೊಲೆ ಸುಲಿಗೆಗಳನ್ನು ದಾಖಲಿಸಿ ವರದಿ ಕೊಟ್ಟಿತು. ಆ ವರದಿ ಹಲವು ದಶಕಗಳ ಕಾಲ ಪ್ರಕಟವಾಗಲಿಲ್ಲ. ಮಾತಿಗೆ ಹಾಕುವ ಬೀಗ ನಿಜಾಮನ ಕಾರಖಾನೆಯಲ್ಲಿ ಮಾತ್ರ ತಯಾರಾಗುತ್ತಿರಲಿಲ್ಲ.

ಈ ಸಂದರ್ಭದಲ್ಲಿ ಶೋಯಬುಲ್ಲಾ ಖಾನರನ್ನು ನೆನೆಯದೆ ಮುಂದೆ ಹೋಗಲಾಗದು. ಉರ್ದು ಪತ್ರಿಕೆ ಇಮ್ರೋಜಿನ ಸಂಪಾದಕರಾಗಿದ್ದ ಅವರು, ಸಂಸ್ಥಾನ ಭಾರತಕ್ಕೆ ಸೇರಬೇಕೆಂದೂ ರಜಾಕಾರರ ಹಾವಳಿ ನಿಲ್ಲಬೇಕೆಂದೂ ನಿರ್ಭಯವಾಗಿ ಬರೆದರು. 1948ರ ಆಗಸ್ಟಿನಲ್ಲಿ, ರಾತ್ರಿ ಮನೆಗೆ ಹಿಂದಿರುಗುತ್ತಿದ್ದಾಗ ಅವರನ್ನು ಗುಂಡಿಕ್ಕಿ ಕೊಂದು ಕೈ ಕತ್ತರಿಸಿದರು. ಸ್ವಾಮಿಜಿಯವರು ಆಗ ಸೆರೆಮನೆಯಲ್ಲಿದ್ದರು. ಒಬ್ಬ ಹಿಂದೂ ಸಂನ್ಯಾಸಿ, ಒಬ್ಬ ಮುಸಲ್ಮಾನ ಪತ್ರಕರ್ತ, ಒಬ್ಬರ ಬೇಡಿಕೆ ಬೀದಿಯಲ್ಲಿ, ಇನ್ನೊಬ್ಬರದು ಕಾಗದದ ಮೇಲೆ, ಬೇಡಿಕೆ ಒಂದೇ.

ನಿಜಾಮರ ಸೈನ್ಯ ಶರಣಾದ ಮೇಲೆ ಸ್ವಾಮಿಜಿಯವರು ಬಿಡುಗಡೆ ಹೊಂದಿದರು. ಅಧಿಕಾರ ಅವರ ಸಮೀಪಕ್ಕೆ ಬಂದಿತು. ಅವರು ಮಂತ್ರಿಪದವಿಯನ್ನು ಹಿಡಿಯಲಿಲ್ಲ. 1949ರಲ್ಲಿ ಜಾಗೀರುಗಳು ರದ್ದಾಗಿ ಕಲ್ಯಾಣಿ ಹುಮನಾಬಾದುಗಳ ರೈತರಿಗೆ ಎರಡು ದೊರೆಗಳ ಕಾಟ ತಪ್ಪಿತು. 1952ರ ಮೊದಲ ಮಹಾಚುನಾವಣೆಯಲ್ಲಿ ಸ್ವಾಮಿಜಿಯವರು ಗುಲಬರ್ಗಾದಿಂದ ಲೋಕಸಭೆಗೆ ಆರಿಸಿ ಬಂದರು, 1957ರಲ್ಲಿ ಔರಂಗಾಬಾದಿನಿಂದ. ಅವರ ಉತ್ತರ ವಯಸ್ಸಿನ ಕಾರ್ಯಗಳಲ್ಲಿ ನನಗೆ ಅತ್ಯಂತ ಮೆಚ್ಚಿಕೆಯಾದುದು ಇನ್ನೊಂದಿದೆ. ಯಾವ ಹೈದರಾಬಾದ್ ಸಂಸ್ಥಾನದ ಹೆಸರಿನಲ್ಲಿ ಅವರು ಮೂರು ಭಾಷೆಯವರನ್ನು ಒಂದುಗೂಡಿಸಿದ್ದರೋ, ಅದನ್ನು ಭಾಷೆಗಳಿಗನುಸಾರವಾಗಿ ವಿಂಗಡಿಸಬೇಕೆಂದು ಅವರೇ ಎತ್ತಿ ಹಿಡಿದರು. ಇಡೀ ರಾಜ್ಯ ಉಳಿದಿದ್ದರೆ ಅವರ ವರ್ಚಸ್ಸೂ ಇಡಿಯಾಗಿ ಉಳಿಯುತ್ತಿತ್ತು. ಜನ ತಮ್ಮ ತಮ್ಮ ನುಡಿಯಲ್ಲಿ ಓದಿ, ಬರೆದು, ಕಚೇರಿಯಲ್ಲಿ ಮಾತನಾಡುವುದು ಅವರಿಗೆ ತಮ್ಮ ವರ್ಚಸ್ಸಿಗಿಂತ ಹೆಚ್ಚೆನಿಸಿತು. 1956ರ ನವೆಂಬರ್ 1ರಂದು ಬೀದರ, ಗುಲಬರ್ಗಾ, ರಾಯಚೂರುಗಳು ಮೈಸೂರು ರಾಜ್ಯವನ್ನು ಸೇರಿದವು. ಉರ್ದುವಿನ ಪಹಣಿಗೆ ಹೆಬ್ಬೆಟ್ಟು ಒತ್ತಿದ ಮನೆತನದವನಾದ ನಾನು ಇಂದು ಕನ್ನಡದಲ್ಲಿ ಈ ಲೇಖನ ಬರೆಯುತ್ತಿರುವುದಕ್ಕೆ ಆ ದಿನವೂ ಒಂದು ಕಾರಣ.

ಚುನಾವಣೆಯ ರಾಜಕೀಯದಿಂದ ಕ್ರಮೇಣ ಹಿಂದೆ ಸರಿದು ಅವರು ವಿನೋಬಾರ ಭೂದಾನ, ಖಾದಿ, ಶಿಕ್ಷಣ ಈ ಕೆಲಸಗಳಲ್ಲಿ ನಿರತರಾದರು. ಹೈದರಾಬಾದಿನ ಹೋರಾಟದ ತಮ್ಮ ನೆನಪುಗಳನ್ನು ಇಂಗ್ಲಿಷಿನಲ್ಲಿ ಬರೆದು 1967ರಲ್ಲಿ ಪ್ರಕಟಿಸಿದರು. 1972ರ ಜನವರಿ 22ರಂದು ಹೈದರಾಬಾದಿನಲ್ಲಿ ದೇಹವಿಟ್ಟರು. ನಾಂದೇಡದ ವಿಶ್ವವಿದ್ಯಾಲಯ 1994ರಿಂದ ಅವರ ಹೆಸರಿನಲ್ಲಿ ನಡೆಯುತ್ತಿದೆ. ಹೈದರಾಬಾದಿನ ಬೇಗಂಪೇಟೆಯಲ್ಲಿ ಅವರ ಸಮಾಧಿಯಿದೆ. ಕಾಲೇಜಿನ ಪ್ರವಾಸ ಆ ನಗರಕ್ಕೆ ಹೊರಟಾಗ ಚಾರಮಿನಾರು, ಗೋಲಕೊಂಡಗಳ ಜೊತೆಗೆ ಅಲ್ಲಿಗೂ ಅರ್ಧ ತಾಸು ಹೋಗಿ ಬರಬಹುದು.